ದಾವೀದನ ಗುಮಾಸ್ತನ ಮುದ್ರೆ

ನಿತ್ಸಾ ಗಾಲ್ಮೋರ್ ರೇಡಿಯೊದಲ್ಲಿ ಆಡಿದ ಮಾತನ್ನು ಪ್ರೊಫೆಸರ್ ಎಲ್ಹನಾನ್ ಬರ್ಜಿಲೈಗೆ ಮರೆಯಲಾಗಲಿಲ್ಲ. "ಎಲ್ಹನಾನ್ ಇಷ್ಟು ವರ್ಷದಿಂದ ದಾವೀದ ರಾಜನ ಕಚೇರಿ ಅಂತ ಅಗೀತಾ ಇದಾನಲ್ಲ, ಅದು ಮೇಕೆ ಕೊಟ್ಟಿಗೆ. ಪಾಪ, ಮೇಕೆಗಳಿಗೂ ಬೇಜಾರಾಗಿರುತ್ತೆ," ಎಂದಿದ್ದಳು. ಇಬ್ಬರೂ ಜೆರೂಸಲೇಮಿನಲ್ಲಿ ಒಟ್ಟಿಗೆ ಪುರಾತತ್ವ ಓದಿದವರು, ಆ ಸಲುಗೆ ಬೇರೆ. ಆ ಕಚೇರಿಯ ಬಗ್ಗೆ ಅವನು ಜನಸಾಮಾನ್ಯರಿಗಾಗಿ ಸಾಲು ಸಾಲು ಪುಸ್ತಕ ಬರೆದಿದ್ದ. ಅವನು ಅಗೆಯುತ್ತಿದ್ದ ದಿಬ್ಬದಲ್ಲಿ ಸಿಕ್ಕಿದ್ದು ಮಾತ್ರ ಮೇಕೆ ಹಿಕ್ಕೆ. ಇದು ಅಗೆತದ ಕಡೆಯ ಹಂಗಾಮು. ಈಗಲೂ ಏನೂ ಸಿಗದಿದ್ದರೆ ಅವನ ಮಾನ ಹೋದಂತೆಯೇ.

ಹಾಗಾಗಿ ದಾವೀದನಿಗೊಬ್ಬ ಗುಮಾಸ್ತನನ್ನು ತಾನೇ ನೇಮಿಸಿಕೊಟ್ಟ. ದಿಬ್ಬದ ಮಣ್ಣನ್ನೇ ಕಲಸಿ, 'ದಾವೀದನ ಗುಮಾಸ್ತ' ಎಂಬ ಹಳೆಯ ಅಕ್ಷರಗಳ ಉಗುರಗಲದ ಮುದ್ರೆ ಒತ್ತಿ, ಮನೆಯ ಓವನ್ನಿನಲ್ಲಿ ಶನಿವಾರದ ಸಬ್ಬತ್ತಿಗೆಂದು ರಾತ್ರಿಯಿಡೀ ಬೇಯುವ ಕಾಳು-ಮಾಂಸದ ಹಮೀನ್ ಪಾತ್ರೆಯ ಪಕ್ಕದಲ್ಲಿಟ್ಟು ಸುಟ್ಟ.

"ಕಾಳೆಲ್ಲ ಸೀದು ಹೋಯ್ತು, ಮಾಂಸ ಮಣ್ಣು ನಾರ್ತಿದೆ. ಏನ್ ಬೇಯಿಸ್ದೆ ಇದ್ರೊಳಗೆ?" ಎಂದಳು ಹೆಂಡತಿ ದ್ರೋರಾ.

"ಇತಿಹಾಸ."

"ಉಪ್ಪು ಹಾಕೋದ್ ಮರ್ತಿದೀಯ."

ಮುಂದಿನ ಶುಕ್ರವಾರ ಮಧ್ಯಾಹ್ನ ಕೆಲಸದವರೆಲ್ಲ ಸಬ್ಬತ್ತಿಗೆಂದು ಮನೆ ಸೇರಿದರು. ಎಲ್ಹನಾನ್ ಒಬ್ಬನೇ ಉಳಿದು ಮೊಳದಾಳದ ಗುಂಡಿ ತೋಡಿದ. ಬೂದಿ, ಕೆಂಪು ಮಣ್ಣು, ಸುಣ್ಣದ ಪುಡಿ, ಒಂದೊಂದು ಪದರವನ್ನೂ ಬೇರೆ ಬೇರೆ ಬಕೆಟ್ಟಿಗೆ ತುಂಬಿದ. ಮುದ್ರೆಯನ್ನಿಟ್ಟು, ಅವೇ ಪದರಗಳನ್ನು ಅದೇ ಕ್ರಮದಲ್ಲಿ ಹಾಸಿ, ನೀರು ಚಿಮುಕಿಸಿ ತಟ್ಟಿದ. ಇರುವೆ ಗೂಡಿನ ಬಾಯಿಯನ್ನೂ ಕಡ್ಡಿಯಿಂದ ಮತ್ತೆ ಕೊರೆದ. ಇರುವೆಗಳಿಗೇ ಅನುಮಾನ ಬರಲಿಲ್ಲ. ಬಂದು ಒಳಗೆ ಹೋದವು. ಅವನಿಗೆ ತನ್ನ ಮೇಲೆಯೇ ಪ್ರೀತಿ ಉಕ್ಕಿತು.

ತಾನೇ ಅಗೆದು ತೆಗೆದರೆ ಯಾರು ನಂಬುತ್ತಾರೆ? ಭಾನುವಾರ ಪತ್ರಕರ್ತರನ್ನೂ ನಿತ್ಸಾಳನ್ನೂ ಕರೆಸಿ, ಕರಣೆಯನ್ನು ಅವಳ ಕೈಗೇ ಕೊಟ್ಟ. ಅವಳು ಮಂಡಿಯೂರಿ ಕೆರೆದಳು. ಬೂದಿ, ಕೆಂಪು ಮಣ್ಣು, ಸುಣ್ಣ. ಮುದ್ರೆ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದು ಅಕ್ಷರಗಳನ್ನು ಓದಿದಳು.

"ಗುಮಾಸ್ತ ಇದ್ನಲ್ಲೋ ಎಲ್ಹನಾನ್. ನಾನ್ ಸೋತೆ."

ಈ ಮಾತಿಗಾಗಿ ಕಾದಿದ್ದವನಿಗೆ ನಿಜವಾಗಿಯೂ ಅಳು ಬಂತು.

ಕುಂಚದಿಂದ ಗುಂಡಿಯ ತಳ ಗುಡಿಸುತ್ತಿದ್ದ ಅವಳ ಕೈ ಆಗಲೇ ನಿಂತಿತು. "ಇದ್ಯಾರ್ ಹಾಕಿದ್ದು?" ಮುದ್ರೆ ಇದ್ದ ಜಾಗದಲ್ಲೇ ಈ ವರ್ಷದ ಹೊಸ ಹತ್ತು ಅಗೋರೋತ್‌ನ ಚಿಲ್ಲರೆ ನಾಣ್ಯ ಫಳಫಳ ಹೊಳೆಯುತ್ತಿತ್ತು. ಅಗೆದ ಗುಂಡಿಯನ್ನು ಮುಚ್ಚುವ ಮುನ್ನ ತಳಕ್ಕೆ ಆ ವರ್ಷದ ಒಂದು ನಾಣ್ಯ ಹಾಕುವುದು ಈ ಕಸುಬಿನವರ ರೂಢಿ. ಇಲ್ಲಿ ಯಾರೋ ಆಗಲೇ ಅಗೆದಿದ್ದಾರೆಂದು ಮುಂದಿನವರಿಗೆ ತಿಳಿಯಲಿ ಎಂದು. ಆ ದಿಬ್ಬದಲ್ಲಿ ಈ ರೂಢಿಯನ್ನು ಮೂವತ್ತು ವರ್ಷ ಒಮ್ಮೆಯೂ ತಪ್ಪದೆ ಪಾಲಿಸಿದವನು ಎಲ್ಹನಾನ್. ಶುಕ್ರವಾರವೂ ಅವನ ಕೈ ಅದನ್ನು ತಪ್ಪಿಸಿರಲಿಲ್ಲ.