ಗಾಜಿನ ಮನೆಯ ಪಕ್ಕದ ಬೆಂಚು

ಮಾರ್ಚ್ ಹದಿನಾಲ್ಕು, ಶನಿವಾರ. ಸಂಜೆ 5.20ಕ್ಕೆ ದೊಡ್ಡ ತೋಟದ ಕಾವಲುಗಾರ ಬಂದರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ. ಓಡಿ ಬಂದಿದ್ದರಿಂದ ಏದುಸಿರು ಬಿಡುತ್ತಿದ್ದ.

"ಸಾರ್, ಗೇಟು ಹಾಕೋ ಹೊತ್ತಾಯ್ತು. ಒಬ್ಬ ಮನುಷ್ಯ ಬೆಂಚು ಬಿಟ್ಟು ಏಳ್ತಾ ಇಲ್ಲ."

"ಕುಡಿದಿದ್ದಾನಾ?" ದಾಖಲೆ ಬರೆಯುತ್ತಿದ್ದ ರೈಟರ್ ತಲೆ ಎತ್ತದೆ ಕೇಳಿದ.

"ಇಲ್ಲ ಸಾರ್. ವಯಸ್ಸು ಐವತ್ತರ ಹತ್ರ, ಮಾತು ಮಾತ್ರ ಮಗೂದು. ಮಧ್ಯಾಹ್ನದಿಂದ ಅಲ್ಲೇ ಕೂತಿದ್ದಾನೆ. ಎದ್ರೆ ಅಕ್ಕ ಬೈತಾಳಂತೆ."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಕೊನೆಯ ಮಾತು ಕೇಳಿ ಟೋಪಿ ಎತ್ತಿಕೊಂಡು ಹೊರಗೆ ಬಂದರು.

ಪ್ರವಾಸಿ ಹಡಗು ಬಂದ ದಿನ ಆ ಠಾಣೆಗೆ ಇಂಥ ದೂರು ಹೊಸದಲ್ಲ. ಆ ಊರಿಗೆ ಜನ ಬರುತ್ತಿದ್ದುದೇ ತೋಟಗಳನ್ನು ನೋಡಲು. ಬೆಳಿಗ್ಗೆ ಏಳಕ್ಕೆ ಹಡಗು ಕಟ್ಟೆಗೆ ತಾಗಿದರೆ ಎಂಟರ ಹೊತ್ತಿಗೆ ಗುಲಾಬಿ ಮೆಟ್ಟಿಲು, ಬಿದಿರ ಮೆಳೆ, ಕಳ್ಳಿ ಅಂಗಳಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕ್ಯಾಮೆರಾ ಕಳೆದುಕೊಂಡವರು, ಹೆಂಡತಿಯನ್ನು ಕಳೆದುಕೊಂಡವರು, ಹಡಗನ್ನೇ ಕಳೆದುಕೊಂಡವರು, ಸಂಜೆಯೊಳಗೆ ಒಂದಿಬ್ಬರಾದರೂ ಠಾಣೆ ಹುಡುಕಿಕೊಂಡು ಬರುತ್ತಿದ್ದರು. ಈ ದಿನದ ಹಡಗು ಏಳು ಗಂಟೆಗೆ ಹೊರಡುವುದಿತ್ತು.

5.35ಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ತೋಟ ತಲುಪಿದರು. ಗಾಜಿನ ಮನೆಯ ಪಕ್ಕದ ಬೆಂಚಿನ ಮೇಲೆ ಅವನು ಕೂತಿದ್ದ. ಕೂದಲು ಅರ್ಧ ನರೆತಿತ್ತು. ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ, ತೊಡೆಯ ಮೇಲೆ ತಬ್ಬಿ ಹಿಡಿದ ಚೀಲ. ಪ್ಯಾಂಟು ಒದ್ದೆಯಾಗಿತ್ತು. ಆ ಅವಮಾನಕ್ಕೂ ಅವನು ಎದ್ದಿರಲಿಲ್ಲ.

ಇನ್‌ಸ್ಪೆಕ್ಟರ್ ಅವನ ಪಕ್ಕ ಕೂತರು. "ಹೆಸರೇನಪ್ಪ?"

"ಮರಿ."

"ಪೂರ್ತಿ ಹೆಸರು?"

"ಮರಿ. ಅಷ್ಟೇ."

"ಅಕ್ಕ ಎಲ್ಲಿಗೆ ಹೋದ್ರು?"

"ನೀರು ತರೋಕೆ."

"ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ?"

"ಅಲ್ಲಾಡೋ ಮನೇಲಿ."

ಮಹಿಳಾ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಮರಗಳ ಸಂದಿಯಿಂದ ಕೆಳಗಡೆ ಬಂದರಿನಲ್ಲಿ ನಿಂತಿದ್ದ ಬಿಳಿ ಹಡಗು ಕಾಣುತ್ತಿತ್ತು.

ಹೆಡ್ ಕಾನ್‌ಸ್ಟೆಬಲ್ ಬಂದರು ಕಚೇರಿಗೆ ಫೋನ್ ಮಾಡಿದ. ಐದು ನಿಮಿಷದಲ್ಲಿ ಉತ್ತರ ಬಂತು. "ಬೆಳಿಗ್ಗೆ ಇಳಿದವರು 1,846, ವಾಪಸು ಹತ್ತಿದವರು 1,846. ಒಬ್ಬರೂ ಬಾಕಿ ಇಲ್ವಂತೆ ಸಾರ್. ಇವನು ಹಡಗಿನೋನಲ್ಲ."

ಕಾವಲುಗಾರ ಮತ್ತು ಐಸ್‌ಕ್ರೀಮ್ ಗಾಡಿಯವನನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು 5.50ಕ್ಕೆ ಚೀಲದ ಪಂಚನಾಮೆ ಶುರುವಾಯಿತು. ಮೂರು ಅಂಗಿ, ಎರಡು ಪೈಜಾಮ, ಒಂದು ಟವೆಲು, ಉಣ್ಣೆಯ ಟೋಪಿ. ಒಂದು ತಿಂಗಳಿಗಾಗುವಷ್ಟು ಮಾತ್ರೆ, ದಿನಕ್ಕೊಂದರಂತೆ ಮೂವತ್ತು ಪೊಟ್ಟಣ ಕಟ್ಟಿ ಮೇಲೆ ತಾರೀಖು ಬರೆದಿತ್ತು. ಬಟ್ಟೆಗಳ ಕಾಲರಿನಲ್ಲಿದ್ದ ಅಂಗಡಿಯ ಚೀಟಿಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ವಿಳಾಸ ಇಲ್ಲ, ಫೋನ್ ನಂಬರ್ ಇಲ್ಲ. ತಳದಲ್ಲಿ ಕೈಬರಹದ ಹನ್ನೊಂದು ಹಾಳೆಗಳಿದ್ದವು. ಮಹಿಳಾ ಕಾನ್‌ಸ್ಟೆಬಲ್ ಓದಿದಳು:

"ಗುಡುಗಿಗೆ ಹೆದರುತ್ತಾನೆ. ಆಗ ಬೈಯಬೇಡಿ, ಕಿವಿ ಮುಚ್ಚಿ ಹಿಡಿದುಕೊಳ್ಳಿ ಸಾಕು. ಅನ್ನ ಬಿಸಿ ಇದ್ದರೆ ಹೇಳುವುದಿಲ್ಲ, ಬಾಯಿ ಸುಟ್ಟುಕೊಳ್ಳುತ್ತಾನೆ. ಆರಿಸಿ ಕೊಡಿ. ಗಿಡಕ್ಕೆ ನೀರು ಹಾಕುವ ಕೆಲಸ ಕೊಟ್ಟರೆ ದಿನವಿಡೀ ಮಾಡುತ್ತಾನೆ. ಸುಳ್ಳು ಹೇಳಲು ಬರುವುದಿಲ್ಲ. ಯಾವತ್ತೂ ಯಾರಿಗೂ ಹೊಡೆದವನಲ್ಲ..."

ಅವಳು ಹಾಳೆಗಳನ್ನು ಮಡಚಿದಳು.

"ಇದು ಬಿಟ್ಟು ಓಡಿಹೋಗೋರು ಬರೆಯೋ ಥರ ಇಲ್ವಲ್ಲಮ್ಮ," ಎಂದ ಹೆಡ್ ಕಾನ್‌ಸ್ಟೆಬಲ್.

"ಬಿಟ್ಟು ಹೋಗೋರೇ ಹೀಗೆ ಬರೀಬೇಕಣ್ಣ. ಜೊತೇಲಿ ಇರೋರಿಗೆ ಇದನ್ನೆಲ್ಲ ಬರೆದಿಡೋ ದರ್ದು ಏನಿದೆ?"

ಐಸ್‌ಕ್ರೀಮ್ ಗಾಡಿಯವನ ಹೇಳಿಕೆ ಅಲ್ಲೇ ಆಯಿತು.

"ಅವರಿಬ್ಬರನ್ನ ಬೆಳಿಗ್ಗೆ ಒಂಬತ್ತರಿಂದ ನೋಡ್ತಾ ಇದ್ದೆ ಸಾರ್. ಆ ಯಮ್ಮಂಗೆ ಅರವತ್ತರ ಮೇಲಾಗಿರಬೇಕು. ನೀಲಿ ಟೋಪಿ ಹಾಕ್ಕೊಂಡಿದ್ರು. ನಾಲ್ಕು ಹೆಜ್ಜೆಗೊಂದ್ಸಲ ಕೂತ್ಕೊಳ್ತಿದ್ರು. ಇವನು ಮಾತ್ರ ಗುಲಾಬಿ ಮೆಟ್ಟಿಲು ಎಂಟು ಸಲ ಹತ್ತಿ ಇಳಿದ, ಅವರು ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ರು. ಗಾಜಿನ ಮನೆಯ ತಾವರೆ ಎಲೆ ನೋಡಿ ಇವನು ಕುಣಿದಾಡಿಬಿಟ್ಟ. ತಟ್ಟೆ, ತಟ್ಟೆ ಅಂತ. ನನ್ನ ಹತ್ರ ಎರಡು ಐಸ್‌ಕ್ರೀಮ್ ತಗೊಂಡ್ರು. ತಮ್ಮದನ್ನೂ ಇವನಿಗೇ ಕೊಟ್ರು. ಶೀತ ಆಗುತ್ತಾ ಅಂತ ಇವನೇ ಕೇಳಿದ. ಇವತ್ತು ಆಗಲ್ಲ, ತಿನ್ನು ಅಂದ್ರು."

"ಅವರೊಬ್ಬರೇ ಹೊರಟಾಗ ಗಂಟೆ ಎಷ್ಟು?"

"ಒಂದೂವರೆ. ಗೇಟಿನ ತನಕ ಒಂದು ಸಲಾನೂ ತಿರುಗಿ ನೋಡಲಿಲ್ಲ ಸಾರ್. ಅದಕ್ಕೇ ನನಗೆ ನೆನಪಿರೋದು."

ಇನ್‌ಸ್ಪೆಕ್ಟರ್ ಮರಿಯ ಎಡಗೈ ಹಿಡಿದು ತಿರುಗಿಸಿದರು. ಬಿಸಿಲಿಗೆ ಕಂದಿದ ಮಣಿಕಟ್ಟಿನ ಸುತ್ತ ಎರಡು ಬೆರಳಗಲ ಬೆಳ್ಳಗಿತ್ತು.

"ಹಡಗಿನ ಪ್ರಯಾಣಿಕರು ಕೈಗೆ ಪಟ್ಟಿ ಕಟ್ಟಿಕೊಂಡಿರ್ತಾರಲ್ಲ, ಹತ್ತುವಾಗ ಯಂತ್ರಕ್ಕೆ ತೋರಿಸೋಕೆ?"

ಹೆಡ್ ಕಾನ್‌ಸ್ಟೆಬಲ್‌ಗೆ ಆಗ ಹೊಳೆಯಿತು. "ಪಟ್ಟಿ ಹತ್ತಿದೆ ಸಾರ್. ಮನುಷ್ಯ ಹತ್ತಿಲ್ಲ."

ಮರಿಯನ್ನು ಏಳಿಸುವುದೇ ಕಷ್ಟವಾಯಿತು. ಕೊನೆಗೆ ಮಹಿಳಾ ಕಾನ್‌ಸ್ಟೆಬಲ್, "ಅಕ್ಕನ ಹತ್ರಾನೇ ಹೋಗೋಣ ಬಾ," ಎಂದು ತನ್ನ ರೇನ್‌ಕೋಟನ್ನು ಅವನ ಸೊಂಟಕ್ಕೆ ಸುತ್ತಿ ಕೈಹಿಡಿದು ಜೀಪು ಹತ್ತಿಸಿದಳು.

6.20. ಬಂದರು ಕಚೇರಿಯಲ್ಲಿ ಹಡಗಿನ ಏಣಿಯ ಬಳಿಯ ಕ್ಯಾಮೆರಾ ದೃಶ್ಯಗಳನ್ನು ನೋಡಿದರು. ಮಧ್ಯಾಹ್ನ 1.52ಕ್ಕೆ ನೀಲಿ ಟೋಪಿಯ ಹೆಂಗಸು ಬರುತ್ತಾಳೆ. ಕಾವಲಿನವನು ಯಾರದೋ ಗಾಲಿಕುರ್ಚಿ ಮಡಚಲು ಬಗ್ಗಿದ್ದಾನೆ. ಅವಳು ಯಂತ್ರಕ್ಕೆ ತನ್ನ ಕೈ ಹಿಡಿಯುತ್ತಾಳೆ, ಹಸಿರು ದೀಪ. ಆಮೇಲೆ ಮುಷ್ಟಿ ಬಿಚ್ಚಿ ಇನ್ನೊಂದು ಸಲ ಹಿಡಿಯುತ್ತಾಳೆ. ಮತ್ತೆ ಹಸಿರು ದೀಪ. ಏಣಿಯ ನಡುವೆ ಕಂಬಿ ಹಿಡಿದು ಬಹಳ ಹೊತ್ತು ನಿಲ್ಲುತ್ತಾಳೆ.

"ಏಳಕ್ಕೆ ಹೊರಡಲೇಬೇಕು," ಎಂದ ಬಂದರಿನ ಅಧಿಕಾರಿ.

"ಹೊರಡಲಿ. ನಾವು ಇಳಿಯೋ ತನಕ ಏಣಿ ಎತ್ತಬೇಡಿ, ಅಷ್ಟೇ."

6.34ಕ್ಕೆ, ಆ ಎರಡು ಪಟ್ಟಿಗಳ ದಾಖಲೆಯಲ್ಲಿದ್ದ ನಾಲ್ಕನೇ ಅಂತಸ್ತಿನ ಕೋಣೆಯ ಬಾಗಿಲು ತಟ್ಟಿದರು. ಚಿಲಕ ಹಾಕಿರಲಿಲ್ಲ. ಎರಡು ಹಾಸಿಗೆಗಳ ಆ ಪುಟ್ಟ ಕೋಣೆಯಲ್ಲಿ ಅವಳು ಬೂಟು ಕೂಡ ಬಿಚ್ಚದೆ ಕೂತಿದ್ದಳು. ಸಮವಸ್ತ್ರ ನೋಡಿ ಗಾಬರಿಯಾಗಲಿಲ್ಲ.

"ಅತ್ನಾ?" ಎಂದು ಕೇಳಿದಳು.

"ಇಲ್ಲ."

"ಏನಾದ್ರೂ ತಿಂದ್ನಾ?"

"ಇಲ್ಲಮ್ಮ. ಬೆಂಚು ಬಿಟ್ಟೇ ಎದ್ದಿರಲಿಲ್ಲ."

ಅವಳ ಕೈ ಬಾಯಿಗೆ ಹೋಯಿತು. ಹಡಗಿನ ಎಂಜಿನ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಇನ್‌ಸ್ಪೆಕ್ಟರ್ ಎದುರಿನ ಹಾಸಿಗೆಯ ಮೇಲೆ ಕೂತರು.

"ನಿಮಗೆ ಏನಾಗಬೇಕು ಅವನು?"

"ತಮ್ಮ. ಅವನು ಹುಟ್ಟಿದಾಗ ನನಗೆ ಹದಿನೇಳು. ನಮ್ಮಮ್ಮ ಸಾಯೋವಾಗ ಇವನ ಕೈಯನ್ನ ನನ್ನ ಕೈಗೆ ಕೊಟ್ಟಳು. ಇಪ್ಪತ್ತೊಂಬತ್ತು ವರ್ಷ ಆಯ್ತು."

"ಮತ್ತೆ ಇವತ್ತು ಯಾಕೆ?"

ಅವಳು ಕೈಚೀಲದಿಂದ ಕತ್ತರಿಸಿದ ಪಟ್ಟಿಯನ್ನೂ ಎರಡು ಕಾಗದಗಳನ್ನೂ ತೆಗೆದು ಹಾಸಿಗೆಯ ಮೇಲಿಟ್ಟಳು. ಒಂದು ಆಸ್ಪತ್ರೆಯ ವರದಿ: ಕಾಯಿಲೆ ಹೊಟ್ಟೆಯಿಂದ ಯಕೃತ್ತಿಗೆ ಹರಡಿದೆ, ಚಿಕಿತ್ಸೆಯಿಂದ ಫಲವಿಲ್ಲ. ಇನ್ನೊಂದು ಇದೇ ಊರಿನ ಆಶ್ರಮದಿಂದ ಬಂದ ಉತ್ತರ. ಆ ಆಶ್ರಮ ದೊಡ್ಡ ತೋಟದ ಹಿಂದೆಯೇ ಇತ್ತು. ಮರಿಯಂಥವರು ಅಲ್ಲಿದ್ದುಕೊಂಡು ಬೆಳಿಗ್ಗೆ ಸಂಜೆ ತೋಟದ ಗಿಡಗಳಿಗೆ ನೀರು ಹಾಕುತ್ತಿದ್ದರು. ಪತ್ರದಲ್ಲಿ ಮೂರೇ ಸಾಲು. "ನಮ್ಮಲ್ಲಿ ಯಾರೂ ಇಲ್ಲದವರಿಗೆ ಮಾತ್ರ ಪ್ರವೇಶ. ತಾವು ಅಕ್ಕ ಎಂದು ಬರೆದಿದ್ದೀರಿ. ಆದ್ದರಿಂದ ವಿಷಾದಿಸುತ್ತೇವೆ."

"ಏಳು ಕಡೆ ಬರೆದೆ ಸಾರ್. ಎಲ್ಲರದೂ ಇದೇ ಮಾತು. ನೀವಿದ್ದೀರಲ್ಲ, ನೀವಿದ್ದೀರಲ್ಲ ಅಂತ. ನಾನು ಇಲ್ಲದೇ ಹೋದ್ಮೇಲೆ ಅವನನ್ನ ಕರ್ಕೊಂಡು ಬರೋರು ಯಾರು? ಅದಕ್ಕೇ ಇದ್ದಾಗಲೇ ಇಲ್ಲದೋಳಾದೆ."

"ಹಡಗು ಹೊರಟ ಮೇಲೆ ನೀವೇನು ಮಾಡಬೇಕು ಅಂತಿದ್ರಿ?"

ಅವಳು ಕಿಟಕಿಯಾಚೆಯ ನೀರನ್ನು ನೋಡಿದಳು. ಹೇಳಿಕೆ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಆ ಸಾಲನ್ನು ಖಾಲಿ ಬಿಟ್ಟ.

6.55ಕ್ಕೆ ಅವಳನ್ನು ಏಣಿಯಿಂದ ಇಳಿಸಿದರು. ಕಟ್ಟೆಯ ಮೇಲೆ ಜೀಪಿನ ಪಕ್ಕ ನಿಂತಿದ್ದ ಮರಿ ದೂರದಿಂದಲೇ ಗುರುತು ಹಿಡಿದ. ಓಡಿ ಬಂದು ಅವಳ ಎರಡೂ ಕೈ ಬಿಡಿಸಿ ನೋಡಿದ.

"ಅಕ್ಕ, ನೀರು?"

ಮಹಿಳಾ ಕಾನ್‌ಸ್ಟೆಬಲ್ ತನ್ನ ಬಾಟಲಿಯನ್ನು ಯಾರಿಗೂ ಕಾಣದಂತೆ ಅಕ್ಕನ ಕೈಗೆ ಕೊಟ್ಟಳು. ಅವಳು ಮುಚ್ಚಳ ತಿರುಗಿಸಿ ತಮ್ಮನಿಗೆ ಕುಡಿಸಿದಳು. ಅವನು ಗಟಗಟ ಕುಡಿದು, ಉಳಿದದ್ದನ್ನು ಅವಳಿಗೇ ಹಿಡಿದು, "ನೀನೂ ಕುಡಿ," ಎಂದ. ಹಿಂದುಗಡೆ ಹಡಗು ಕೂಗು ಹಾಕಿ ಕಟ್ಟೆ ಬಿಟ್ಟಿತು. ಅವನು ಅದಕ್ಕೆ ಕೈಬೀಸಿದ.

ಆಶ್ರಿತನನ್ನು ತ್ಯಜಿಸಿದ ಆರೋಪದ ಮೇಲೆ 7.40ಕ್ಕೆ ಎಫ್‌ಐಆರ್ ದಾಖಲಾಯಿತು. ಬಂಧನದ ಪತ್ರಕ್ಕೆ ಅವಳು ಓದಿಯೇ ಸಹಿ ಹಾಕಿದಳು. "ಸಂಬಂಧಿಕರಿಗೆ ತಿಳಿಸಿದ ವಿವರ" ಎಂಬ ಸಾಲು ಬಂದಾಗ ರೈಟರ್ ಪೆನ್ನು ಹಿಡಿದು ಇನ್‌ಸ್ಪೆಕ್ಟರ್ ಕಡೆ ನೋಡಿದ. ಅವರು ಮರಿಯನ್ನು ಕರೆದು ಅವನ ಹೆಬ್ಬೆಟ್ಟು ಒತ್ತಿಸಿದರು. ಬೆರಳಿಗೆ ಹತ್ತಿದ ಮಸಿ ನೋಡಿ ಅವನಿಗೆ ನಗು ಬಂತು.

ಮರುದಿನ ಭಾನುವಾರ ನ್ಯಾಯಾಧೀಶರು ತಮ್ಮ ಮನೆಯಲ್ಲೇ ವರದಿ ನೋಡಿ ಅವಳನ್ನು ಜೈಲಿಗೆ ಕಳಿಸದೆ, ಕಾವಲಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಸೇರಿಸಲು ಆದೇಶಿಸಿದರು. ಮರಿಗೆ ಅದೇ ವಾರ್ಡಿನ ಮೂಲೆಯಲ್ಲಿ ಒಂದು ಮಂಚ ಸಿಕ್ಕಿತು. ಅದಕ್ಕಾಗಿ ಇನ್‌ಸ್ಪೆಕ್ಟರ್ ಯಾರ ಕಾಲು ಹಿಡಿದರೋ, ಯಾರಿಗೂ ಹೇಳಲಿಲ್ಲ. ಕಾವಲಿಗೆ ಮಹಿಳಾ ಕಾನ್‌ಸ್ಟೆಬಲ್ ತಾನಾಗಿಯೇ ಹೆಸರು ಕೊಟ್ಟಳು. ಅವಳ ಹಗಲಿನ ಕೆಲಸವೆಲ್ಲ ಮರಿಯ ಅನ್ನ ಆರಿಸುವುದೇ ಆಯಿತು.

ಏಪ್ರಿಲ್ ಇಪ್ಪತ್ತೊಂದರ ಬೆಳಿಗ್ಗೆ 10.15ಕ್ಕೆ ಆರೋಪಿ ಮೃತಪಟ್ಟಳು. ಆರೋಪಿ ಜೀವಂತವಿಲ್ಲದ ಕಾರಣ ಪ್ರಕರಣ ಮುಕ್ತಾಯವಾಯಿತು.

ನಾಲ್ಕನೇ ದಿನ ಇನ್‌ಸ್ಪೆಕ್ಟರ್ ಮರಿಯನ್ನು ಕರೆದುಕೊಂಡು ತೋಟದ ಹಿಂದಿನ ಆಶ್ರಮಕ್ಕೆ ಹೋದರು. ಮೇಲ್ವಿಚಾರಕಿ ಫಾರಂ ತೆಗೆದಳು. ಒಳ್ಳೆಯ ಹೆಂಗಸು, ಮರಿಗೆ ಮೊದಲು ಕುರ್ಚಿ ಕೊಟ್ಟಳು.

"ಸಂಬಂಧಿಕರು?"

"ಅಕ್ಕ ಇದ್ದರು ಅಂತ ಬರ್ಕೊಳ್ಳಿ."

"ಇದ್ದರು ಅಂತ ಬರೆಯೋಕೆ ಜಾಗ ಇಲ್ಲ ಸಾರ್. ಇದ್ದಾರೆ, ಇಲ್ಲ, ಎರಡೇ ಇರೋದು."

ಇನ್‌ಸ್ಪೆಕ್ಟರ್ ಫಾರಂ ಅನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ "ಇಲ್ಲ" ಎಂಬುದರ ಎದುರು ಗುರುತು ಹಾಕಿ, ಕೆಳಗೆ ಸಹಿ ಮಾಡಿ, ಸಮಯ ಬರೆದರು: ಬೆಳಿಗ್ಗೆ 11.05.