ಎರಡು ಈಸ್ಟರ್‌ಗಳ ನಡುವೆ

ಈಸ್ಟರ್ ಮರುದಿನ ಬೆಳಿಗ್ಗೆ ತೊಮೊಯೆ ದೋಣಿ ರಿಪೇರಿ ಶೆಡ್ಡಿಗೆ ನುಗ್ಗಿದಾಗ ಅವಳ ಏಪ್ರನ್ನಿಗೆ ಇನ್ನೂ ಗೆಣಸಿನ ಹಿಟ್ಟು ಅಂಟಿತ್ತು.

"ಸೋಜಿ! ಹೊರಗೆ ಬಾ!"

ಎಂಜಿನ್ನಿನ ಹಿಂದಿನಿಂದ ಮೊದಲು ಒಂದು ಸ್ಪ್ಯಾನರ್ ಎದ್ದಿತು. ಆಮೇಲೆ ಗ್ರೀಸ್ ಮೆತ್ತಿದ ಮುಖ. ಆ ಮುಖ ನೋಡಿದರೆ ತನ್ನ ಸಿಟ್ಟು ಇಳಿದುಬಿಡುತ್ತದೆ ಅಂತ ಗೊತ್ತಿದ್ದ ಅವಳು ಎಂಜಿನ್ನನ್ನೇ ದುರುಗುಟ್ಟಿ ನೋಡಿದಳು.

"ಈಸ್ಟರ್ ದಿನ ನಿನಗೊಂದು ಮಾತು ಹೇಳ್ಬೇಕು ಅಂತ ಫೆಬ್ರವರಿಯಲ್ಲಿ ಅಂದವನು ಯಾರು?"

"ನಾನೇ."

"ನಿನ್ನೆ ಎಲ್ಲಿ ಸತ್ತಿದ್ದೆ?"

ನಿನ್ನೆ ಅವಳು ಪೂಜೆ ಮುಗಿದ ಮೇಲೂ ಚರ್ಚಿನ ಮೆಟ್ಟಿಲ ಮೇಲೆ ಬಣ್ಣದ ಮೊಟ್ಟೆಗಳನ್ನು ಹಂಚುತ್ತಾ ನಿಂತೇ ಇದ್ದಳು. ಹೊಸ ನೀಲಿ ಫ್ರಾಕು. ತಲೆ ಮೇಲಿನ ಬಿಳಿ ಲೇಸಿನ ಮುಸುಕು ಗಾಳಿಗೆ ಹಾರುತ್ತಿತ್ತು. ಕೊಲ್ಲಿಯ ದಾರಿಯಲ್ಲಿ ಯಾರ ತಲೆ ಕಂಡರೂ ಹಿಮ್ಮಡಿ ಎತ್ತಿ ನೋಡುತ್ತಿದ್ದಳು. ಹತ್ತಿರ ಬಂದರೆ ಇನ್ಯಾರೋ. "ದಾರಿ ಸವೆದುಹೋಗುತ್ತೆ ಕಣೇ, ಅಷ್ಟು ನೋಡ್ಬೇಡ," ಅಂತ ಚಿಕ್ಕಮ್ಮ ಬೇರೆ ಕಿಚಾಯಿಸಿದ್ದಳು. ನಲವತ್ತು ದಿನದ ಉಪವಾಸದಲ್ಲಿ ತೊಮೊಯೆ ಮೊಟ್ಟೆ, ಸಿಹಿ ಎರಡನ್ನೂ ಬಿಟ್ಟಿದ್ದಳು. ದಿನವಿಡೀ ಗೆಣಸಿನ ಮೋಚಿ ಎಂಬ ಮೆತ್ತನೆಯ ಸಿಹಿ ತಿಂಡಿ ಮಾಡಿ ಮಾರುವವಳು ಬೆರಳನ್ನೂ ನೆಕ್ಕಿರಲಿಲ್ಲ. ಹಬ್ಬದ ದಿನ ಮೊದಲ ತುಂಡನ್ನು ಅವನ ಜೊತೆ ತಿನ್ನೋಣ ಅಂತ ಎತ್ತಿಟ್ಟಿದ್ದಳು. ಅದು ಒಣಗಿ ಹಲಗೆಯಾಗಿತ್ತು.

"ನಿನ್ನೆಯದು ನಿಮ್ಮ ಈಸ್ಟರ್," ಅಂದ ಸೋಜಿ. ಅವನ ದನಿಯೂ ಬಿಗಿದಿತ್ತು. "ನಮ್ಮದು ಎರಡು ವಾರದ ಹಿಂದೇನೇ ಆಯ್ತು. ನಾನೂ ಕಾದೆ. ಬೆಳಿಗ್ಗೆಯಿಂದ ಸಂಜೆವರೆಗೆ, ಕ್ಷೌರ ಮಾಡಿಸ್ಕೊಂಡು."

ಅದು ತೊಮೊಯೆಗೆ ಹೊಳೆದೇ ಇರಲಿಲ್ಲ. ಸೋಜಿಯ ಮನೆಯವರು ಚರ್ಚಿಗೆ ಬರುವವರಲ್ಲ. ಹಿಂದೆ ಈ ದೇಶದಲ್ಲಿ ಯೇಸುವಿನ ಹೆಸರೆತ್ತಿದರೆ ತಲೆ ಹೋಗುತ್ತಿದ್ದ ಕಾಲದಲ್ಲಿ ಪಾದ್ರಿಗಳಿಲ್ಲದೆ, ಹಗಲು ರಾತ್ರಿ ಸಮವಾಗುವ ದಿನ ಹಿಡಿದು ಬೆರಳಲ್ಲೇ ಹಬ್ಬ ಎಣಿಸಿ ಕಾಪಾಡಿಕೊಂಡವರ ಪೈಕಿ. ಈಗ ಈ ದ್ವೀಪದಲ್ಲಿ ಆ ಲೆಕ್ಕ ಬಲ್ಲವರು ಇಬ್ಬರೇ: ಸೋಜಿಯ ತಾತ ಕ್ಯೂಸಾಕು, ಮತ್ತು ಈ ಚಳಿಗಾಲದಲ್ಲಿ ಅವರಿಂದ ಕಲಿತ ಸೋಜಿ.

"ನಮ್ಮ ಹಬ್ಬದ ಮರುದಿನ ನಿನಗೆ ಮೊಟ್ಟೆ ಬುಟ್ಟಿ ಕಳಿಸಿದೆ," ಅಂದ ಅವನು. "ನಮ್ಮಲ್ಲಿ ಹಬ್ಬಕ್ಕೆ ಮುಂಚಿನ ದುಃಖದ ದಿನ ಮುಗಿದ ಮೇಲೆ ಮೊದಲ ಮೊಟ್ಟೆ ಕೊಡೋದು ಬೇಕಾದವರಿಗೆ ಮಾತ್ರ. ನೀನು ವಾಪಸ್ ಕಳಿಸಿದೆ. 'ಬೇಡ' ಅಂತ ಚೀಟಿ ಬೇರೆ."

"'ಈಗ ಬೇಡ' ಅಂತ ಬರೆದಿದ್ದೆ ಪೆದ್ದ! ಉಪವಾಸ ಇತ್ತು ನನಗೆ!"

"'ಈಗ' ಅಂದ್ರೆ ನನಗೇನು ಗೊತ್ತು! ಹದಿನಾಲ್ಕು ದಿನದಿಂದ ಒಂದು ತುತ್ತು ಸರಿಯಾಗಿ ಇಳಿದಿಲ್ಲ."

"ನಿನ್ನ ಶೆಡ್ಡು ನನ್ನ ಅಂಗಡಿಯಿಂದ ಮುನ್ನೂರು ಹೆಜ್ಜೆ. ಬಂದು ಕೇಳೋಕೆ ಕಾಲಿಗೇನಾಗಿತ್ತು?"

"ನಿನ್ನ ಕಾಲಿಗೇನಾಗಿತ್ತು?"

ಎಷ್ಟು ದಿನ ದಂಡವಾಯಿತು ಅಂತ ತೊಮೊಯೆಗೆ ಅಳುವೇ ಬಂತು. ಅದನ್ನು ಅವನಿಗೆ ತೋರಿಸಬಾರದು ಅಂತ ಇನ್ನಷ್ಟು ಸಿಟ್ಟು ಬಂತು.

ಆಗ ಶೆಡ್ಡಿನ ಮೂಲೆಯ ಬೆಂಚಿನಲ್ಲಿ ಬಲೆ ಹೆಣೆಯುತ್ತಿದ್ದ ಕ್ಯೂಸಾಕು ತಾತ ಕೆಮ್ಮಿದರು.

"ಹುಡುಗಿ, ಇವನ ಪಾಪ ಪೂರ್ತಿ ಕೇಳಿಬಿಡು. ಹಬ್ಬದ ಸಂಜೆ ನೀನು ಬರಲಿಲ್ಲ. ಇವನು ನನ್ನ ಹತ್ರ ಬಂದು, ತಾತ, ಇವತ್ತಿನದನ್ನ ಲೆಕ್ಕಕ್ಕೆ ಹಿಡಿಯದೆ ಈ ವರ್ಷ ಹಬ್ಬ ಎರಡು ವಾರ ಮುಂದೂಡಿ ಅವರ ಈಸ್ಟರ್ ದಿನವೇ ಮಾಡೋಣ್ವಾ ಅಂದ. ಆಗಿನ ಅಧಿಕಾರಿಗಳು ಕತ್ತಿ ಹಿಡಿದು ಮನೆ ಮನೆ ಶೋಧಿಸಿದಾಗಲೂ ನಮ್ಮ ಹಿರಿಯರು ಒಂದು ದಿನ ಆಚೆ ಈಚೆ ಮಾಡಲಿಲ್ಲ. ಇವನು ಒಬ್ಬ ಮೋಚಿಯವಳಿಗೋಸ್ಕರ ಮಾಡೋಣ ಅಂದ! ನಾನು ಕಪಾಳಕ್ಕೆ ಬಿಟ್ಟೆ."

ಸೋಜಿಯ ಕಿವಿ ಕೆಂಪಾಯಿತು. ತೊಮೊಯೆ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು. ಅವನು ನೋಟ ತಪ್ಪಿಸಿದ, ಮತ್ತೆ ತಂದ.

"ಹೇಳು ಹಾಗಾದ್ರೆ ಆ ಮಾತು."

"ನಿನ್ನನ್ನ ಮದುವೆ ಆಗ್ಬೇಕು. ಆದರೆ ತಾತನ ನಂತರ ಹಬ್ಬದ ದಿನದ ಲೆಕ್ಕ ನಾನೇ ಇಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನಿಮ್ಮ ಚರ್ಚಿಗೆ ಸೇರಿ ಇದನ್ನ ಬಿಡೋಕಾಗಲ್ಲ. ಅದಕ್ಕೇ ಹೇಳೋಕೆ ಬಾಯಿ ಬರ್ತಿರಲಿಲ್ಲ."

"ಬಿಡು ಅಂತ ನಾನು ಯಾವಾಗ ಅಂದೆ? ನಾನೂ ನನ್ನ ಚರ್ಚು ಬಿಡಲ್ಲ. ಪಾದ್ರಿಗಳ ಹತ್ರ ಇಬ್ಬರೂ ಹೋಗೋಣ, ಬೈಸಿಕೊಳ್ಳೋಣ." ಗ್ರೀಸಿನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದಳು. "ಆದರೆ ಇನ್ನೊಂದು ಸಲ ಹೀಗೆ ಕಾಯೋದು ನನ್ನಿಂದಾಗಲ್ಲ."

ಅವಳು ತಾತನ ಕಡೆ ತಿರುಗಿದಳು. "ತಾತ, ದಿನ ಎಣಿಸೋದು ನನಗೂ ಹೇಳಿಕೊಡಿ."

"ಹೆಂಗಸರಿಗೆ ಹೇಳಿಕೊಡೋ ಪದ್ಧತಿ ನಮ್ಮಲ್ಲಿಲ್ಲ," ಅಂದರು ತಾತ. ಬಲೆಯ ಎರಡು ಕಣ್ಣು ಹೆಣೆದರು. ಮೂರನೆಯದು ತಪ್ಪಿತು, ಬಿಚ್ಚಿದರು.

ಆಮೇಲೆ ಬೆಂಚಿನ ಮೇಲೆ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಾಗುವಷ್ಟು ಆಚೆ ಸರಿದು ಕೂತರು.