ಅದಿರು ಮುಗಿಯುವ ಆಳ

"ಅದು ನನ್ನ ಸೀಟು," ಎಂದಳು ಅವಳು.

ಮೈಕ್ರೊಸ್ಕೋಪಿನಿಂದ ತಲೆಯೆತ್ತದೆ ಅವನು ಕೈ ಬೀಸಿದ. "ಒಂದ್ನಿಮಿಷ ಮೇಡಂ. ಚಿನ್ನ ಸಿಕ್ಕಿದೆ!"

ಅವಳು ಬಗ್ಗಿ ನೋಡಿದಳು. "ಪೈರೈಟ್ ಅದು. ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್, ಹಳದಿ ಇರೋದೆಲ್ಲ ಚಿನ್ನ ಅಲ್ಲ."

ಅವನ ಕಿವಿ ಕೆಂಪಾಯಿತು. ಅದನ್ನು ನೋಡಬಾರದಿತ್ತು ಅವಳು. ನೋಡಿಬಿಟ್ಟಳು.

ಕೆಲಸದಲ್ಲಿರುವ ಭೂವಿಜ್ಞಾನಿಗಳಿಗೆಂದೇ ಇದ್ದ ಎಂ.ಎಸ್ಸಿ. ಅದು. ಆಗಾಗ ಒಂದು ವಾರ ಕ್ಲಾಸು, ಮತ್ತೆ ಅವರವರ ಕಲ್ಲು ಅವರವರಿಗೆ. ಅವನು ಸಿಮೆಂಟ್ ಕಂಪನಿಯ ಸುಣ್ಣದಕಲ್ಲು ನೋಡಿಕೊಳ್ಳುವವನು. ಕ್ಲಾಸಿನ ಎಲ್ಲರ ಬಾಯಲ್ಲೂ ಅವನ ಹೆಸರೇ 'ಸಿಮೆಂಟ್'. ಅವಳು ಚಿನ್ನದ ಗಣಿಯವಳು. ತಂದೆ-ತಾಯಿ ಹೋದಮೇಲೆ ಅವಳನ್ನು ಓದಿಸಿದ ಅಣ್ಣ ಅದೇ ಗಣಿಯಲ್ಲಿ ಫೋರ್‌ಮನ್.

ಪ್ರಾಜೆಕ್ಟಿಗೆ ಸಿಮೆಂಟ್ ಅವಳ ಗಣಿಯನ್ನೇ ಕೇಳಿದ. "ಚಿನ್ನ ಗುರುತಿಸೋದು ಕಲೀಬೇಕಲ್ಲ," ಎಂದ.

"ಬರ್ತಿರೋದು ಚಿನ್ನಕ್ಕೋ, ಗುರುವಿಗೋ?"

ಅವಳೇ ಓಡಾಡಿ ಪರ್ಮಿಷನ್ ಕೊಡಿಸಿದಳು.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ, ಗಣಿಯ ಆಳದಿಂದ ಕೊರೆದು ತೆಗೆದ ಕಲ್ಲಿನ ಕಂಬಿಗಳನ್ನು ಇಡುವ ಶೆಡ್ಡಿನಲ್ಲಿ ಅವನು ಸುಮ್ಮನೆ ನಿಂತಿದ್ದ.

"ಯಾಕ್ರೀ, ಮುಖ ಹೀಗಿದೆ?"

"ಕೆಳಗೆ ಏನೂ ಇಲ್ಲ." ಅವನ ದನಿ ಬಿದ್ದುಹೋಗಿತ್ತು. "ಅದಿರಿನ ಎಳೆ ಸಣ್ಣಗಾಗ್ತಾ ಆಗ್ತಾ ಮುಗಿದೇ ಹೋಗುತ್ತೆ. ನಿಮಗೋಸ್ಕರ ಎಷ್ಟು ಸಲ ನೋಡಿದೆ ಗೊತ್ತಾ? ಎಲ್ಲಾದ್ರೂ ನನ್ನ ಲೆಕ್ಕ ತಪ್ಪಿರಲಿ ಅಂತ."

ಅವಳು ಒಂದೊಂದೇ ಕಂಬಿಯನ್ನು ಒದ್ದೆ ಮಾಡಿ ನೋಡಿದಳು. ಬರೀ ಬಿಳಿ ಕಲ್ಲು. ಅನುಮಾನ ಅವಳಿಗೂ ಇತ್ತು, ಬಾಯಿಬಿಡುವ ಧೈರ್ಯವಿರಲಿಲ್ಲ.

"ಕಂಪನಿಗೆ ಕೊಡೋ ರಿಪೋರ್ಟಲ್ಲಿ ನಾನು ಇದನ್ನ ಬರೆಯದೇ ಇದ್ರೆ?" ಎಂದ ಅವನು.

"ಆಗ ಇನ್ನೂ ಆಳ ಅಗೆಸ್ತಾರೆ. ಆ ಬಿಸಿಗೆ, ಆ ಕತ್ತಲೆಗೆ, ಏನೂ ಇಲ್ಲದ ಕಲ್ಲಿಗೆ ನಮ್ಮಣ್ಣ ಇಳೀಬೇಕು. ಬರೀರಿ." ಅವಳು ಕಂಬಿಯನ್ನು ಕೆಳಗಿಟ್ಟಳು. "ನೀವು ಮುಚ್ಚಿಡೋರಾಗಿದ್ರೆ ನಾನು ನಿಮ್ಮನ್ನ ಇಷ್ಟಪಡ್ತಾನೇ ಇರಲಿಲ್ಲ."

ಹೇಳಿದ್ದೇನೆಂದು ತಿಳಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಅವನು ಹತ್ತಿರ ಬಂದ.

ಗಣಿ ಮುಚ್ಚುವ ಸುದ್ದಿ ಬಂದಾಗ ಅಣ್ಣ ತಟ್ಟೆ ಸರಿಸಿ ಎದ್ದ. "ಆ ಸಿಮೆಂಟಿನವನು ನಮ್ಮ ಹೊಟ್ಟೆ ಮೇಲೆ ಹೊಡೆದ. ಅವನ ಮಾತು ಈ ಮನೇಲಿ ಎತ್ತಬೇಡ."

ಅವನದೇನು ತಪ್ಪೆಂದು ಕೇಳಲು ಹೊರಟವಳು, ಅಣ್ಣ ಉಣ್ಣದೆ ಬಿಟ್ಟ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಅತ್ತಿಗೆ ಮಾತ್ರ ಅವಳ ಮುಖ ಓದಿಬಿಟ್ಟಳು.

ಕಂಪನಿ ಅಣ್ಣ-ತಂಗಿಯನ್ನು ದೂರದ ಇನ್ನೊಂದು ಗಣಿಗೆ ಹಾಕಿತು. ಹೊರಡುವ ಬೆಳಿಗ್ಗೆ ಸಿಮೆಂಟ್ ಗೇಟಿನ ಬಳಿ ನಿಂತಿದ್ದ. ಸಾಮಾನು ತುಂಬಿದ ಜೀಪು ಸ್ಟಾರ್ಟ್ ಆಗಿ ನಿಂತಿತ್ತು; ಸ್ಟೀರಿಂಗಿನಲ್ಲಿ ಅಣ್ಣ, ಪಕ್ಕದಲ್ಲಿ ಅತ್ತಿಗೆ.

"ನಮ್ಮಣ್ಣನ ಹತ್ರ ಬೈಸ್ಕೊಳ್ಳೋಕೆ ಬಂದ್ರಾ?" ಎಂದಳು ಅವಳು, ಹತ್ತಿರ ಹೋಗಿ.

"ನೋಡೋಕೆ. ಆಮೇಲೆ ಬೈಲಿ."

ಅವಳು ಅವನ ಕೈ ಹಿಡಿದಳು, ಬೀಳ್ಕೊಡಲೆಂದು. ಬೆರಳುಗಳು ಬಿಡಲೊಪ್ಪಲಿಲ್ಲ.

ಹಾರ್ನ್ ಕೂಗಿತು. ಮತ್ತೊಮ್ಮೆ ಕೂಗಿತು.

"ಬಿಡಿ, ಹೊರಡಿ," ಎಂದ ಅವನು, ತಾನೂ ಬಿಡದೆ.

"ಆಗ್ತಿಲ್ಲ ಕಣ್ರೀ."

ಅಣ್ಣ ನೋಡುತ್ತಿದ್ದ. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವಳು ತಿರುಗದೆಯೇ ಕೂಗಿದಳು:

"ಅಣ್ಣಾ, ಸ್ವಲ್ಪ ತಡಿ!"

ಜೀಪಿನೊಳಗೆ ಅತ್ತಿಗೆ ಕೈ ಚಾಚಿ ಕೀಲಿ ತಿರುಗಿಸಿದಳು. ಎಂಜಿನ್ ನಿಂತಿತು.